ಕಂಡಿಕೆ ನೆನೆಸಿದ ನೀರು

ಮಗಳು ಸುಮಾ ಎರಡನೆಯ ಬಾಣಂತನಕ್ಕೆ ನಮ್ಮ ಮನೆಗೆ ಬಂದು ಹನ್ನೆರಡು ದಿನವಾಯಿತು. ಹನ್ನೆರಡು ದಿನದಿಂದ ನಾನು ನೆಟ್ಟಗೆ ಹಾಸಿಗೆಗೆ ಬೆನ್ನು ಹಚ್ಚಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು, ಗೋಡೆ ಹಿಡಿದುಕೊಂಡು ಕೂತು, ಕೂಸಿಗೆ ಎಣ್ಣೆ ಹಚ್ಚಿ, ಎರೆದು, ಅದರ ಅರಿವೆ ಒಗೆದು, ಮತ್ತೆ ಒಲೆಯ ಮುಂದೆ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಗಜೇಂದ್ರಗಡದ ಈ ಓಣಿಯಲ್ಲಿ ಇಷ್ಟು ವರ್ಷ ನಾನು ಎಷ್ಟು ಬಾಣಂತನ ಮಾಡಿದ್ದೇನೋ ಲೆಕ್ಕವಿಲ್ಲ. ಮೂವರು ನಾದಿನಿಯರದು, ನನ್ನ ಇಬ್ಬರು ಹೆಣ್ಣುಮಕ್ಕಳದು, ಪಕ್ಕದ ಮನೆಯವರದು, ತಾಯಿಯಿಲ್ಲದ ಹುಡುಗಿಯರದು. ಸಾಕಾಗಿದೆ ಅಂತ ಬಾಯಿಬಿಟ್ಟು ಹೇಳಿದರೆ ಯಾರೂ ನಂಬುವುದಿಲ್ಲ. ನೀಲಕ್ಕನಿಗೆ ಸಾಕಾಗುವುದುಂಟೇ ಅಂತ ನಗುತ್ತಾರೆ. ಮೇಲಿಂದ ಈಗ ಫೋನ್ ಬೇರೆ. ಲಕ್ಕಲಕಟ್ಟಿಯಿಂದ ಒಬ್ಬಳು, ಅಬ್ಬಿಗೇರಿಯಿಂದ ಇನ್ನೊಬ್ಬಳು, ಎಲ್ಲರದ್ದೂ ಒಂದೇ ಪ್ರಶ್ನೆ.

"ನೀಲಕ್ಕಾ, ಎದಿಹಾಲು ಚಲೋ ಬರಾಕ ಏನ್ ಕುಡಸಬೇಕ್ರಿ?"

"ಮೊದಲ ಅಕಿ ಕೈಗೆ ಸಿಗೂ ಹಂಗ ಒಂದು ತಂಬಗಿ ನೀರ ಇಡವಾ. ಆಮ್ಯಾಲೆ ಉಳಿದದ್ದ ಕೇಳು."

ಕೇಳಿದವರಿಗೆ ನಿರಾಸೆಯಾಗುತ್ತದೆ. ಅವರಿಗೆ ಬೇಕಾದದ್ದು ಯಾವುದೋ ಬೇರು, ಯಾವುದೋ ಬೀಜ, ಯಾವುದೋ ಗುಟ್ಟು. ಬರೀ ನೀರು ಅಂದರೆ ಈ ಮುದುಕಿಗೆ ಹೇಳಲಿಕ್ಕೆ ಮನಸ್ಸಿಲ್ಲ ಅಂದುಕೊಳ್ಳುತ್ತಾರೆ. ಹಾಲು, ಅಂಬಲಿ, ಅಜವಾನದ ನೀರು, ಅಳವಿ ಬೀಜದ ಪಾಯಸ, ಎಲ್ಲ ಕೊಡಲಿ, ನಾನೂ ಕೊಡುತ್ತೇನೆ. ಚಹಾ ಮಾತ್ರ ಒಂದೆರಡು ಸಲಕ್ಕೆ ಸಾಕು ಅನ್ನುತ್ತೇನೆ. ಆದರೆ ಹಾಲೂಡಿಸುವವಳ ಬಾಯಿ ಒಣಗಬಾರದು. ಈ ಒಂದು ಮಾತಿನಲ್ಲಿ ನಾನು ಯಾರ ಜೊತೆಗೂ ರಾಜಿಯಾಗುವುದಿಲ್ಲ, ಹಿರಿಯರಾದರೂ ಅಷ್ಟೇ, ಬೀಗರಾದರೂ ಅಷ್ಟೇ. ಈ ಹಟ ನನಗೆ ಹತ್ತು ವರ್ಷದವಳಿದ್ದಾಗ ಹತ್ತಿದ್ದು. ಹತ್ತಿದ ಬಗೆ ಹೇಳಿಕೊಳ್ಳುವಂಥದ್ದಲ್ಲ, ಆದರೂ ಹೇಳುತ್ತೇನೆ.

ನನ್ನ ತವರುಮನೆ ಗುಡ್ಡದ ಬುಡದಲ್ಲಿತ್ತು. ಬೇಸಿಗೆಯಲ್ಲಿ ಹಗಲೆಲ್ಲ ಕಾದ ಆ ಗುಡ್ಡದ ಕಲ್ಲು ಸಂಜೆ ಮನೆಯ ಮೇಲೆ ಝಳ ಬಿಡುತ್ತಿತ್ತು. ಬಾಗಿಲು ದಾಟಿದರೆ ಪಡಸಾಲೆ. ಪಡಸಾಲೆಯ ತುಂಬ ಅಪ್ಪನ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಅಪ್ಪ ಕೂತರೆ ನಮಗೆ ಕಾಣುತ್ತಿದ್ದದ್ದು ಅರ್ಧ ಅಪ್ಪ ಮಾತ್ರ. ಸಣ್ಣವಳಿದ್ದಾಗ ನಾನು ಅಪ್ಪನಿಗೆ ಕಾಲು ಇರುವುದು ಊಟದ ಹೊತ್ತಿಗೆ ಮಾತ್ರ ಅಂತ ತಿಳಿದಿದ್ದೆ. ಪಡಸಾಲೆಯ ಹಿಂದೆ ನಡುಮನೆ, ಅದರ ಬಲಕ್ಕೆ ಕಿಟಕಿಯಿಲ್ಲದ ಒಂದು ಕತ್ತಲೆಕೋಣೆ, ಎಡಕ್ಕೆ ಅಡುಗೆಮನೆ, ಆಚೆ ಹಿತ್ತಲು. ಕತ್ತಲೆಕೋಣೆಯಲ್ಲಿ ಜೋಳದ ಚೀಲ, ನೂಲಿನ ಗಂಟು, ಹಬ್ಬದ ಪಾತ್ರೆ ಇರುತ್ತಿದ್ದವು. ಮನೆಯಲ್ಲಿ ಯಾರಾದರೂ ಹಡೆದರೆ ಅವೆಲ್ಲ ಹೊರಗೆ ಬಂದು ಬಾಣಂತಿ ಒಳಗೆ ಹೋಗುತ್ತಿದ್ದಳು. ನಾನು ಹುಟ್ಟಿದ್ದೂ ಅದೇ ಕೋಣೆಯಲ್ಲಿ. ಮಗ್ಗದ ಸಪ್ಪಳ ಗೋಡೆ ದಾಟಿ ಅಲ್ಲಿಗೆ ಕೇಳಿಸುತ್ತಿತ್ತು. ಆ ಸಪ್ಪಳ ನಿಂತರೆ ನಮ್ಮ ಮನೆಯ ಕೂಸುಗಳು ಎಚ್ಚರಾಗುತ್ತಿದ್ದವಂತೆ.

ಮನೆಯ ಯಜಮಾನಿಕೆ ಅಪ್ಪನದಲ್ಲ, ಅವ್ವನದಂತೂ ಅಲ್ಲವೇ ಅಲ್ಲ. ಅದು ಆಯಿಯದು, ಅಂದರೆ ಅಪ್ಪನ ತಾಯಿಯದು. ಸಣ್ಣ ದೇಹ, ಚೂಪು ಮೂಗು, ಕಚ್ಚೆ ಹಾಕಿ ಉಟ್ಟ ಸೀರೆ. ಅಡುಗೆಮನೆಯ ಹೊಸ್ತಿಲ ಮೇಲೆ ಆಯಿ ಕೂತಳೆಂದರೆ ಬೆಕ್ಕು ಕೂಡ ಅಪ್ಪಣೆ ಕೇಳಿ ಒಳಗೆ ಹೋಗಬೇಕು. ಅವ್ವ ಅವಳಿಗೆ ಎದುರಾಡಿದ್ದನ್ನು ನಾನು ಕಾಣೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವುದು ಅವ್ವನ ದಾರಿ. ಓಣಿಯ ಬಾಣಂತನಗಳಿಗೆಲ್ಲ ಆಯಿಯೇ ಮುಂದು. ಅವಳ ಕೈಯ ಅಂಟಿನುಂಡಿ, ಅವಳು ಹುರಿದ ಖಾರ, ಅವಳು ಕಟ್ಟುವ ಹೊಟ್ಟೆಯ ಬಟ್ಟೆ, ಎಲ್ಲಕ್ಕೂ ಹೆಸರಿತ್ತು. ಎಲ್ಲಕ್ಕಿಂತ ಹೆಚ್ಚು ಹೆಸರಾದದ್ದು ಅವಳ ನೀರಿನ ಶಿಸ್ತು. ಬಾಣಂತಿಗೆ ದಿನಕ್ಕೆ ಮೂರು ಬಟ್ಟಲು ಅಜವಾನದ ನೀರು, ಅದೂ ಕುದಿಸಿ ಕುದಿಸಿ ಅರ್ಧಕ್ಕೆ ಇಳಿಸಿದ್ದು. ಬಟ್ಟಲೆಂದರೆ ನನ್ನ ಅಂಗೈಯಲ್ಲಿ ಕೂರುವಷ್ಟು ಸಣ್ಣ ಹಿತ್ತಾಳೆ ಬಟ್ಟಲು. ಊಟದ ಜೊತೆ ನೀರಿಲ್ಲ. ಊಟವೆಂದರೆ ಒಣ ರೊಟ್ಟಿ, ತುಪ್ಪ, ಬೆಳ್ಳುಳ್ಳಿ ಖಾರ. ತಣ್ಣೀರಿನ ಮಾತು ತೆಗೆಯುವಂತೆಯೇ ಇಲ್ಲ.

"ಬಾಣಂತಿದು ಹಸಿ ಮೈ. ಹಸಿ ಮೈಯಾಗ ನೀರ ಇಳದ್ರ ಹಾಲ ನೀರಾಗತೈತಿ. ಆ ಹಾಲ ಕುಡದ ಕೂಸಿಗೆ ಥಂಡಿ ಹತ್ತತೈತಿ. ಥಂಡಿ ಹತ್ತಿದ ಕೂಸು ಉಳಿಯೂದಿಲ್ಲ," ಅನ್ನುತ್ತಿದ್ದಳು ಆಯಿ. ಕಡೆಯ ಮಾತು ಹೇಳುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಯಾಕೆ ಅಂತ ನಾನು ಆಗ ಯೋಚಿಸಲಿಲ್ಲ.

ನನ್ನ ಅಕ್ಕ ಶಾಂತಕ್ಕನನ್ನು ನರೇಗಲ್ಲಿಗೆ ಕೊಟ್ಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಸುಡುಸುಡು ಬೇಸಿಗೆಯಲ್ಲಿ ಗಂಡುಕೂಸು ಹಡೆದಳು. ಕತ್ತಲೆಕೋಣೆಯಲ್ಲಿ ಹೊರಸು ಹಾಕಿದರು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟರು, ಬಾಗಿಲಿಗೆ ಕೌದಿ ಕಟ್ಟಿದರು. ಹೊರಗೆ ಗುಡ್ಡದ ಝಳ, ಒಳಗೆ ಕೆಂಡದ ಝಳ. ಅಕ್ಕನ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಅರಳೆ ಇಟ್ಟು, ಮೈಮೇಲೆ ಇನ್ನೊಂದು ಕೌದಿ ಹೊದಿಸಿದ್ದರು. ಬೆವರು ಅವಳ ಕತ್ತಿನಿಂದ ಇಳಿದು ಹೊರಸಿನ ಹಗ್ಗ ತೊಯ್ಯುತ್ತಿತ್ತು. ಆ ಕಡೆಯಿಂದ ಅಷ್ಟು ನೀರು ಹೋಗುತ್ತಿದ್ದರೆ ಈ ಕಡೆಯಿಂದ ಮೂರು ಬಟ್ಟಲು. ಈ ಲೆಕ್ಕ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಾನು ನಾಲ್ಕನೆಯ ಇಯತ್ತೆಯವಳು, ಸಾಲೆಗೆ ರಜೆ ಇತ್ತು. ಆಯಿ ನನ್ನನ್ನು ಕರೆದು, ನೂಲು ಸುತ್ತುವ ರಾಟಿ ತಂದು ಕೋಣೆಯ ಬಾಗಿಲಲ್ಲಿ ಇಡಿಸಿದಳು.

"ಇಲ್ಲೇ ಕುಂತು ಕಂಡಿಕಿ ಸುತ್ತು. ಅಕಿ ನೀರ ಕೇಳ್ತಾಳ. ಅಳ್ತಾಳ. ಆಣಿ ಹಾಕ್ತಾಳ. ಕೊಟ್ಟಿ ಅಂದ್ರ ಕೂಸಿನ ಪಾಪ ನಿನಗ. ತಿಳೀತಿಲ್ಲೋ?"

"ತಿಳೀತು ಆಯಿ."

ನನಗೆ ತಿಳಿದದ್ದು ಇಷ್ಟೇ: ಮನೆಯಲ್ಲಿ ನನಗೂ ಒಂದು ಅಧಿಕಾರ ಬಂತು. ಅವತ್ತಿನ ತನಕ ಎಲ್ಲರ ಕೈಕೆಳಗೆ ಓಡಾಡುವವಳು, ಇವತ್ತು ಕಾವಲು. ನಾನು ಚಾಡಿಕೋರ ಹುಡುಗಿ, ಈಗ ಒಪ್ಪಿಕೊಳ್ಳಲಿಕ್ಕೆ ಏನು. ಯಾರು ಬೆಲ್ಲ ಕದ್ದರು, ಯಾರು ಸಾಲೆ ತಪ್ಪಿಸಿದರು, ಎಲ್ಲ ಆಯಿಯ ಕಿವಿಗೆ ನನ್ನಿಂದಲೇ ಹೋಗುತ್ತಿತ್ತು. ಬದಲಿಗೆ ಕೊಬ್ಬರಿಯ ಚೂರು ಸಿಗುತ್ತಿತ್ತು. ಹೊಗಳಿಕೆಯೂ ಸಿಗುತ್ತಿತ್ತು, ಅದೇ ಹೆಚ್ಚು ರುಚಿ. ಶಾಂತಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನನ್ನ ಹೇನು ತೆಗೆದವಳು, ನನಗೆ ಜಡೆ ಹಾಕಿದವಳು. ಅವಳ ಬಾಗಿಲಲ್ಲಿ ನಾನು ಕಾವಲು ಕೂತೆ.

ನಾಲ್ಕನೆಯ ದಿನ ಮಧ್ಯಾಹ್ನ ಅವ್ವ ಬಾವಿಗೆ ಹೋಗಿದ್ದಳು. ಆಯಿ ಹೊಸ್ತಿಲಿಗೆ ತಲೆಕೊಟ್ಟು ಮಲಗಿದ್ದಳು. ಕೌದಿಯ ಸಂದಿಯಿಂದ ಅಕ್ಕನ ದನಿ ಬಂತು.

"ನೀಲೀ, ಒಂದ ಗುಟಕ. ಬರೇ ಒಂದ ಗುಟಕ ತಾರವಾ. ನಾಲಿಗಿ ಅಂಗುಳಕ್ಕ ಹತ್ತೇತಿ."

"ಆಯಿ ಬ್ಯಾಡ ಅಂದಾಳ."

"ಆಯಿ ಮಲಗ್ಯಾಳಲ್ಲ. ಕೈ ಮುಗೀತೀನಿ. ಅರಿವಿ ತುದಿ ತೊಯ್ಸಿ ಕೊಡು, ಚೀಪತೀನಿ."

ನಾನು ಎದ್ದೆ. ಕುಡಿಯುವ ನೀರಿನ ಹರವಿಯ ತನಕ ಹೋದೆ. ಹರವಿಯ ಪಕ್ಕದಲ್ಲೇ ಆಯಿ. ಅಲ್ಲಿ ನಿಂತು ಒಂದು ಗಳಿಗೆ ಏನು ಯೋಚಿಸಿದೆನೋ ಗೊತ್ತಿಲ್ಲ. ಕೂಸಿನ ಪಾಪಕ್ಕೆ ಹೆದರಿದೆ ಅಂತ ಹೇಳಬಹುದು, ಆದರೆ ಅದು ಪೂರ್ತಿ ಖರೆ ಅಲ್ಲ. ಆಯಿಯ ಭುಜ ಅಲುಗಿಸಿ ಎಬ್ಬಿಸಿ ಹೇಳಿದೆ.

"ಆಯಿ, ಅಕ್ಕ ನೀರ ಕೇಳಾಕತ್ತಾಳ."

ಆಯಿ ಕೋಣೆಯೊಳಗೆ ಹೋಗಿ ಅಕ್ಕನಿಗೆ ಅಂದ ಮಾತುಗಳನ್ನು ಬರೆಯಲಾರೆ. ನಿನ್ನ ಬಾಯಿಚಪಲಕ್ಕೆ ಕೂಸನ್ನು ತಿನ್ನುತ್ತೀಯಾ ಅನ್ನುವುದು ಅದರಲ್ಲೆಲ್ಲ ಮೆತ್ತಗಿನದು. ಆಯಿ ಹೊರಬಂದು ನನ್ನ ತಲೆ ಸವರಿ ಕೊಬ್ಬರಿ ಕೊಟ್ಟಳು. ನಾನು ಅದನ್ನು ತಿಂದೆ. ಅದಾದ ಮೇಲೆ ಶಾಂತಕ್ಕ ನನ್ನನ್ನು ಏನೂ ಕೇಳಲಿಲ್ಲ. ನೀರು ಕೇಳಲಿಲ್ಲ, ಬೀಸಣಿಕೆ ಕೇಳಲಿಲ್ಲ, ಹೆಸರು ಹಿಡಿದು ಸಹ ಕರೆಯಲಿಲ್ಲ.

ಕೂಸು ಮೊದಲು ಗಟ್ಟಿಯಾಗಿ ಅಳುತ್ತಿತ್ತು. ಆರೇಳನೆಯ ದಿನಕ್ಕೆ ಅಳು ಸಣ್ಣದಾಯಿತು. ಎದೆಗೆ ಹಚ್ಚಿದರೆ ನಾಲ್ಕು ಸಲ ಚೀಪಿ ಬಿಟ್ಟು ಅಳುವುದು, ಮತ್ತೆ ಹುಡುಕುವುದು. ಅಕ್ಕನಿಗೆ ಸಣ್ಣ ಜ್ವರ, ತುಟಿ ಸೀಳಿತ್ತು, ಕೂತರೆ ಕಣ್ಣು ಕತ್ತಲು ಬರುತ್ತಿತ್ತು. ಕೂಸನ್ನು ಎತ್ತಿಕೊಳ್ಳುವ ತ್ರಾಣವೂ ಇರಲಿಲ್ಲ. ಹಾಲು ಸಾಲದು ಅನ್ನುವುದು ಆಯಿಗೂ ಗೊತ್ತಾಯಿತು. ಅವಳಿಗೆ ಗೊತ್ತಿದ್ದ ಮದ್ದು ಒಂದೇ. ಖಾರ ಹೆಚ್ಚಿಸಿದಳು, ಅಳವಿ ಪಾಯಸ ಇನ್ನಷ್ಟು ಗಟ್ಟಿ ಮಾಡಿದಳು, ಅಂಟಿನುಂಡಿ ಎರಡಿದ್ದದ್ದು ಮೂರಾಯಿತು. ಕೆಂಡಕ್ಕೆ ಇನ್ನಷ್ಟು ಕುಳ್ಳು ಬಿತ್ತು. ಅಕ್ಕ ತುತ್ತು ನುಂಗಲಾರದೆ ಬಾಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು. ಆಯಿ ಮನಸಾರೆ ದುಡಿದಳು, ಅದನ್ನು ಅಲ್ಲಗಳೆಯಲಾರೆ. ಆ ವಯಸ್ಸಿನಲ್ಲಿ ಒಲೆ ಮುಂದೆ ಅಷ್ಟು ಹೊತ್ತು ಕೂರುವ ಕಷ್ಟ ಏನು ಅಂತ ಈಗ ನನ್ನ ಸೊಂಟಕ್ಕೆ ಗೊತ್ತು.

ಆ ವಾರ ಅಪ್ಪನ ಮಗ್ಗದಲ್ಲಿ ಸೀರೆಯ ನೇಯ್ಗೆ ಸೆರಗಿಗೆ ಬಂದಿತ್ತು. ನಮ್ಮ ಕಡೆಯ ಸೀರೆಗೆ ಸೆರಗು ಕೆಂಪು. ಬೇಸಿಗೆಯಲ್ಲಿ ನೂಲು ಒಣಗಿ ಪಟಪಟ ಹರಿಯುತ್ತದೆ. ಅದಕ್ಕೆ ಕಂಡಿಕೆಗಳನ್ನು, ಅಂದರೆ ಲಾಳಿಯೊಳಗೆ ಹಾಕುವ ನೂಲಿನ ಸಣ್ಣ ಸುರುಳಿಗಳನ್ನು, ಒಂದು ಬೋಗುಣಿ ನೀರಲ್ಲಿ ನೆನೆಸಿ, ಕೊಡವಿ, ಮಗ್ಗಕ್ಕೆ ಕೊಡಬೇಕು. ನೂಲಿಗೂ ನೀರಡಿಕಿ ಆಗತೈತವಾ ಅಂತ ಅಪ್ಪ ನನಗೆ ಆ ಕೆಲಸ ಕಲಿಸುವಾಗ ಹೇಳಿದ್ದ. ನಾನು ಕೋಣೆಯ ಬಾಗಿಲಲ್ಲಿ ಕೂತು ಕೆಂಪು ಕಂಡಿಕೆ ಸುತ್ತಿ ಬೋಗುಣಿಗೆ ಹಾಕುತ್ತಿದ್ದೆ. ಆ ಸಲದ ಬಣ್ಣ ಅಗ್ಗದ್ದು, ಬಿಡುತ್ತಿತ್ತು. ಬೋಗುಣಿಯ ನೀರು ಕುಂಕುಮ ಕದಡಿದ ಹಾಗಾಗುತ್ತಿತ್ತು. ಮನೆಯಲ್ಲಿದ್ದ ಹರವಿ, ಕೊಡ, ತಂಬಿಗೆ ಎಲ್ಲದರ ಮೇಲೂ ಆಯಿಯ ಕಣ್ಣಿತ್ತು. ಈ ಬೋಗುಣಿಯನ್ನು ನೀರು ಅಂತ ಯಾರೂ ಎಣಿಸಿರಲಿಲ್ಲ. ಅದು ಮಗ್ಗದ ಸಾಮಾನು.

ಅಪ್ಪ ಕರೆದಾಗ ಕಂಡಿಕೆ ಎತ್ತಿಕೊಂಡು ಪಡಸಾಲೆಗೆ ಹೋಗುತ್ತಿದ್ದೆ. ಎಳೆ ಹರಿದಿದ್ದರೆ ಕೂಡಿಸಲಿಕ್ಕೆ ಅಲ್ಲೇ ನಿಲ್ಲಿಸಿಕೊಳ್ಳುತ್ತಿದ್ದ. ಒಂದು ದಿನ ತಿರುಗಿ ಬಂದರೆ ಬೋಗುಣಿಯ ನೀರು ಅರ್ಧಕ್ಕಿಳಿದಿತ್ತು. ನಾನೇ ಚೆಲ್ಲಿದೆನೇನೋ ಅಂತ ಹೆದರಿ, ಆಯಿಗೆ ಕಾಣದಂತೆ ಮತ್ತೆ ತುಂಬಿಸಿಟ್ಟೆ. ಮರುದಿನವೂ ಇಳಿದಿತ್ತು. ಮತ್ತೂ ತುಂಬಿಸಿದೆ. ಬಿಸಿಲಿಗೆ ಆರುತ್ತದೆ ಅಂದುಕೊಂಡೆನೋ, ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇದ್ದೆನೋ, ಇಷ್ಟು ವರ್ಷ ಕೇಳಿಕೊಂಡರೂ ನನಗೆ ಉತ್ತರ ಸಿಕ್ಕಿಲ್ಲ. ಆ ಸಲ ಮಾತ್ರ ಆಯಿಗೆ ಹೇಳಲಿಲ್ಲ, ಅಷ್ಟು ಖರೆ.

ಮೂರನೆಯ ದಿನ ಆಯಿ ಪಾಯಸ ಹಿಡಿದು ಕೌದಿ ಸರಿಸಿದಳು. ಸರಿಸಿದವಳೇ ಕೂಗಿಕೊಂಡಳು.

"ಯಪ್ಪಾ! ಓಡಿ ಬಾರೋ! ಬಾಯಾಗ ರಕ್ತ! ಹುಡಿಗಿ ರಕ್ತ ಕಾರಾಕತ್ತಾಳೋ!"

ಅಪ್ಪ ಕುಣಿಯಿಂದ ಹಾರಿ ಬಂದ. ಮಗ್ಗ ಹಾಗೆ ನಡುವೆ ನಿಂತದ್ದನ್ನು ನಾನು ಮೊದಲ ಸಲ ಕೇಳಿದೆ. ಅವ್ವ ಹಿತ್ತಲಿಂದ ಬಂದಳು. ಅಕ್ಕನ ತುಟಿ, ಗದ್ದ, ಕತ್ತು, ಎದೆಯ ಬಟ್ಟೆ ಎಲ್ಲ ಕೆಂಪು. ಕೂಸಿನ ಬಿಳಿ ಅರಿವೆಯ ಮೇಲೂ ಕೆಂಪು ಹನಿ. ಅಕ್ಕ ಕಣ್ಣು ಮೇಲೆ ಮಾಡಿ ಗೋಡೆಗೆ ಒರಗಿದ್ದಳು. ಅಪ್ಪ ಪಕ್ಕದ ಮನೆಯ ಸೈಕಲ್ ತೆಗೆದುಕೊಂಡು ದವಾಖಾನೆಗೆ ಓಡಿದ. ಆಯಿ ಸೆರಗಿನಿಂದ ಅಕ್ಕನ ಬಾಯಿ ಒರೆಸಿದಳು, ಒರೆಸಿದ ಸೆರಗನ್ನು ಮೂಗಿಗೆ ಹಿಡಿದಳು. ಬಣ್ಣದ ವಾಸನೆ ನೇಕಾರರ ಮನೆಯ ಮುದುಕಿಗೆ ತಿಳಿಯದೇ? ನಿಧಾನವಾಗಿ ತಿರುಗಿ ಬೋಗುಣಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಕುಂಬಳಕಾಯಿ ಕಳ್ಳನ ಹಾಗೆ ಕೈ ಹಿಂದೆ ಮಾಡಿಕೊಂಡೆ. ಕೈಯೂ ಕೆಂಪೇ ಇತ್ತು.

ದವಾಖಾನೆಯ ನರಸಬಾಯಿ ಬಂದರು. ದಪ್ಪಗಿನ, ಮಾತು ಕಮ್ಮಿಯ ಹೆಂಗಸು. ಬಿಸಿಲಲ್ಲಿ ನಡೆದು ದಣಿದಿದ್ದರು. ಕೌದಿ ಕಿತ್ತು ಹೊರಗೆ ಎಸೆದರು, ಅಗ್ಗಿಷ್ಟಿಗೆ ಹೊರಗೆ ಇಡಿಸಿದರು. ರಕ್ತವಲ್ಲ ಬಣ್ಣ ಅಂತ ತಿಳಿದ ಮೇಲೂ ಅವರು ಹೋಗಲಿಲ್ಲ. ಕೂಸನ್ನು ಬೆಳಕಿಗೆ ತಂದು ನೆತ್ತಿಯ ಮೇಲೆ ಬೆರಳಿಟ್ಟರು.

"ನೆತ್ತಿ ಕುಳಿ ಬಿದ್ದೈತಿ. ಮುಂಜಾನಿಂದ ಕೂಸ ಎಷ್ಟ ಸಲ ಉಚ್ಚಿ ಹೊಯ್ದೈತಿ?"

"ಹೊಯ್ದೈತ್ರಿ, ಬೇಕಾದಷ್ಟು," ಅಂದಳು ಆಯಿ.

ಅವ್ವ ನೆಲ ನೋಡಿದಳು. ಕೂಸಿನ ಅರಿವೆ ಒಗೆಯುವವಳು ನಾನು.

"ಇಲ್ರೀ ಬಾಯಾರ," ಅಂದೆ. "ಇವತ್ತು ಒಂದೂ ಇಲ್ರಿ. ನಿನ್ನಿ ಇಡೀ ದಿನ ಎರಡ."

ಜೀವನದಲ್ಲಿ ನಾನು ಹೇಳಿದ ಚಾಡಿಗಳಲ್ಲಿ ಇದೊಂದೇ ಆಯಿಗಲ್ಲ, ಆಯಿಯ ಮೇಲೆ ಹೇಳಿದ್ದು. ನರಸಬಾಯಿ ಒಂದು ತಂಬಿಗೆ ಕುಡಿಯುವ ನೀರು ತಾ ಅಂದರು. ನಾನು ಆಯಿಯ ಪಕ್ಕದಿಂದಲೇ ಹಾಯ್ದು, ಹರವಿಯಲ್ಲಿ ತಂಬಿಗೆ ಅದ್ದಿ ತಂದೆ. ಅಕ್ಕ ಎರಡು ಕೈಯಿಂದ ಹಿಡಿದಳು. ಹಲ್ಲು ತಂಬಿಗೆಯ ಅಂಚಿಗೆ ಬಡಿಯುವ ಸಪ್ಪಳ ಕೇಳಿಸಿತು. ಸಾವಕಾಶ, ಸಾವಕಾಶ ಅನ್ನುತ್ತ ನರಸಬಾಯಿ ತಂಬಿಗೆ ಹಿಡಿದು ಹಿಡಿದು ಕುಡಿಸಿದರು.

"ನೋಡ್ರಿ ಆಯಿ, ನೀರ ಕುಡದಷ್ಟೂ ಹಾಲ ಸುರೀತೈತಿ ಅಂತಲ್ಲ. ಕೂಸ ಚೀಪಿದ್ರ ಹಾಲ ಬರತೈತಿ, ಮತ್ತ ಮತ್ತ ಹಚ್ಚಬೇಕು. ಆದ್ರ ತಾಯಿನ ಹಿಂಗ ಒಣಗಿ ಬಿದ್ರ ಕೂಸಿನ ಹಚ್ಚಕೊಳ್ಳೋರು ಯಾರು? ನೀರಡಿಕಿ ಆದಾಗೆಲ್ಲಾ ನೀರ ಕೊಡ್ರಿ. ಹಾಲ ಕೊಡ್ರಿ, ಅಂಬಲಿ ಕೊಡ್ರಿ, ನಿಮ್ಮ ಅಜವಾನದ ನೀರೂ ಕೊಡ್ರಿ, ಬ್ಯಾಡ ಅನ್ನೂದಿಲ್ಲ. ಅಳತಿ ಮಾಡಬ್ಯಾಡ್ರಿ. ನಾಳಿಗೂ ಕೂಸ ಹಿಂಗ ಇದ್ರ ದವಾಖಾನಿಗೆ ತರ್ರಿ, ಗದಗಿಗೆ ಕಳಸೂದ ಆಗತೈತಿ."

ಆಯಿ ಜಗಳ ತೆಗೆಯುತ್ತಾಳೆ ಅಂತ ನಾವೆಲ್ಲ ಎಣಿಸಿದ್ದೆವು. ತೆಗೆಯಲಿಲ್ಲ. ಗೋಡೆ ಹಿಡಿದು ನಿಂತವಳು ಕೇಳಿದಳು.

"ನೀರಿನಿಂದ ಏನೂ ಆಗೂದಿಲ್ಲೇನ್ರಿ?"

"ಏನೂ ಆಗೂದಿಲ್ರಿ."

"ಹಂಗಾರ ನನ್ನ ಕೂಸ ಯಾಕ ಸತ್ತಿತ್ರಿ?"

ಯಾವ ಕೂಸು ಅಂತ ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ, ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಆಯಿ ನಿಂತಲ್ಲೇ ನಿಂತು ಹೇಳಿದಳು. ಅಪ್ಪನಿಗಿಂತ ಮೊದಲು ಒಂದು ಹೆಣ್ಣು ಹುಟ್ಟಿತ್ತು. ಆರನೆಯ ದಿನ ಆಯಿ ಹಿತ್ತಲಿಗೆ ಹೋದವಳು ನೀರಡಿಕೆ ತಾಳದೆ, ಹಂಡೆಯ ತಣ್ಣೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಳು. ಅವಳ ಅತ್ತೆ ನೋಡಿದಳು. ಒಂಬತ್ತನೆಯ ದಿನ ಕೂಸು ಹೋಯಿತು. ನಿನ್ನ ಬೊಗಸೆಯೇ ಅದನ್ನು ಕೊಂದಿತು ಅಂತ ಅತ್ತೆ ಅಂದಳು. ಆಯಿ ಅದನ್ನು ನಂಬಿದಳು. ಮುಂದಿನ ಐದು ಬಾಣಂತನಗಳನ್ನೂ ಒಣ ಬಾಯಲ್ಲಿ ಮಾಡಿದಳು.

"ನಿಮ್ಮ ಕೂಸು ನೀರಿನಿಂದ ಸತ್ತಿಲ್ರಿ," ಅಂದರು ನರಸಬಾಯಿ. ದನಿ ಮೆತ್ತಗಾಗಿತ್ತು.

"ಮತ್ತ ಎದರಿಂದ?"

"ಅದು ನನಗ ಗೊತ್ತಿಲ್ರಿ ಯವ್ವಾ."

ಸಮಾಧಾನವಾಗಬೇಕಿತ್ತಲ್ಲ? ನಿನ್ನ ತಪ್ಪಲ್ಲ ಅಂತ ಒಬ್ಬರು ಹೇಳಿದರೆ ಹೊರೆ ಇಳಿಯಬೇಕಲ್ಲ? ಆಯಿಗೆ ಹಾಗಾಗಲಿಲ್ಲ. ಅವಳು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲಲ್ಲೇ ಕೂತಳು. ಅಷ್ಟು ವರ್ಷ ಹೊತ್ತ ಪಾಪ ಸುಳ್ಳಾದರೆ ಅಷ್ಟು ವರ್ಷ ತಾನು ಒಣಗಿದ್ದೂ, ಇತರರನ್ನು ಒಣಗಿಸಿದ್ದೂ ಬರೀ ದಂಡ ಅಂತಾಯಿತು. ಯಾವುದನ್ನು ನಂಬಿದರೆ ನೋವು ಕಡಿಮೆ? ಬಿಸಿ ತುಪ್ಪ, ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು. ಅಪ್ಪ ಅವತ್ತು ಮಗ್ಗಕ್ಕೆ ತಿರುಗಿ ಹೋಗಲಿಲ್ಲ. ಕುಣಿಯ ಅಂಚಿಗೆ ಕೂತು ಒದ್ದೆ ಕಂಡಿಕೆಯೊಂದನ್ನು ಕೈಯಲ್ಲಿ ಹಿಡಿದಿದ್ದ.

"ನೂಲ ಹರೀತೈತಿ ಅಂತ ನೀರ ಹಾಕ್ತಿದ್ದೆ," ಅಂದ, ಯಾರಿಗೂ ಅಲ್ಲ. "ಮಗಳ ಕಡೆ ನೋಡಲಿಲ್ಲ."

ಅವತ್ತು ಸಂಜೆಯ ತನಕ ಅವ್ವ ಅಕ್ಕನ ಪಕ್ಕ ಬಿಟ್ಟು ಏಳಲಿಲ್ಲ. ಗುಟುಕು ನೀರು, ಅರ್ಧ ಲೋಟ ಹಾಲು, ತೆಳ್ಳಗಿನ ಅಂಬಲಿ, ಮತ್ತೆ ನೀರು. ಕೂಸನ್ನು ಹಚ್ಚುವುದು, ಬಿಡಿಸುವುದು, ಮತ್ತೆ ಹಚ್ಚುವುದು. ಮರುದಿನವೂ ಅದೇ. ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಅಪ್ಪ ಎರಡು ಸಲ ಬಂದು ಗದಗಿಗೆ ಹೋಗೋಣೇನು ಅಂತ ಕೇಳಿದ. ಮರುದಿನ ಇಳಿಹೊತ್ತಿನಲ್ಲಿ ಅವ್ವನಿಗೆ ಕೂತಲ್ಲೇ ಜೋಂಪು ಹತ್ತಿತ್ತು. ಆಯಿ ಎರಡು ದಿನದಲ್ಲಿ ಮೊದಲ ಸಲ ಕೋಣೆಗೆ ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ತುಸು ಹೊತ್ತಿಗೆ ಅವಳ ಮೈ ಸೆಟೆಯಿತು. ನಾನು ಬಾಗಿಲಲ್ಲಿದ್ದೆ. ಕೂಸು ಅವಳ ಸೀರೆಯ ಮೇಲೆ ಉಚ್ಚೆ ಹೊಯ್ದಿತ್ತು. ಒಳ್ಳೆಯ ಧಾರೆ, ಮಡಿಲಿಂದ ಇಳಿದು ಚಾಪೆಯ ತನಕ. ಆಯಿ ಒದ್ದೆಯಾದ ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮಡಿ ಮಡಿ ಅಂತ ಹಾರಾಡುವ ಆಯಿ.

"ಬ್ಯಾರೆ ಸೀರಿ ತರಲೇನ ಆಯಿ?" ಅಂದೆ.

"ಬ್ಯಾಡ. ಇರಲಿ," ಅಂದಳು.

ದೀಪ ಹಚ್ಚುವ ತನಕ ಅದೇ ಸೀರೆಯಲ್ಲಿ ಇದ್ದಳು.

ಆದರೂ ಆಯಿ ತನ್ನ ಕೈಯಾರೆ ಅಕ್ಕನಿಗೆ ನೀರು ಕೊಡಲಿಲ್ಲ. ಅಲ್ಲಿ ಇಡು ಅನ್ನುತ್ತಿದ್ದಳು, ಇಡುವಾಗ ಮುಖ ಆಚೆ ತಿರುಗಿಸುತ್ತಿದ್ದಳು. ಮುಂದೆ ಅದೇ ಕತ್ತಲೆಕೋಣೆಯಲ್ಲಿ ನಾನು ಹಡೆದು ಮಲಗಿದಾಗ ಆಯಿಯ ಕಣ್ಣು ಮಂದವಾಗಿದ್ದವು. ಗೋಡೆ ಸವರಿಕೊಂಡು ಬಂದು, ಹರವಿಯ ನೀರು ತುಂಬಿದ ತಂಬಿಗೆಯನ್ನು ನನ್ನ ಕೈಗೆ ಹಿಡಿಸಿದಳು. ಕುಡಿ ಅಂದಳು. ನಾನು ಕುಡಿದೆ. ಆಮೇಲೆ ನನ್ನ ಕೂಸಿನ ತೊಟ್ಟಿಲ ಪಕ್ಕ ಕೂತಳು. ಒಂಬತ್ತು ದಿನ ತುಂಬುವ ತನಕ ಅಲ್ಲಿಂದ ಕದಲಲಿಲ್ಲ, ಆಗಾಗ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ಕೈಗೆ ಧೈರ್ಯ ಬಂದಿತ್ತು, ಮನಸ್ಸಿಗೆ ಬಂದಿರಲಿಲ್ಲ. ಹತ್ತನೆಯ ದಿನ ಹೊರಗೆ ಹೋಗಿ ಮಲಗಿದವಳು ಎರಡು ದಿನ ಏಳಲಿಲ್ಲ. ಅದು ಎಂಥ ದಣಿವು ಅಂತ ಆಗ ನನಗೆ ತಿಳಿದಿರಲಿಲ್ಲ.

ನಿನ್ನೆ ಶಾಂತಕ್ಕ ಸುಮಾಳ ಕೂಸನ್ನು ನೋಡಲಿಕ್ಕೆ ಬಂದಿದ್ದಳು. ನರೇಗಲ್ಲಿನಿಂದ ಮಗ ಗಾಡಿಯ ಮೇಲೆ ಕರೆತಂದ. ಅವತ್ತಿನ ಆ ಕೂಸು ಅವನೇ. ಈಗ ಸಾಲೆಯ ಮಾಸ್ತರ, ಮೀಸೆ ಬೆಳ್ಳಗಾಗಿದೆ. ಬಾಗಿಲಲ್ಲೇ ನಿಂತು, ಚಿಗವ್ವಾ ನೀರ ಕೊಡು, ಭಾಳ ಬಿಸಿಲು ಅಂದ. ಇಬ್ಬರಿಗೂ ಕೊಟ್ಟೆ. ಅವನು ಗಟಗಟ ಕುಡಿದು ಪೇಟೆಯ ಕೆಲಸಕ್ಕೆ ಹೋದ. ಶಾಂತಕ್ಕ ಅರ್ಧ ಕುಡಿದು, ಉಳಿದರ್ಧವನ್ನು ತನ್ನ ಪಕ್ಕದಲ್ಲಿ ಇಟ್ಟುಕೊಂಡಳು. ಅದು ಅವಳ ಅಭ್ಯಾಸ. ಎಲ್ಲೇ ಕೂರಲಿ, ಪಕ್ಕದಲ್ಲಿ ಒಂದಿಷ್ಟು ನೀರು ಉಳಿದಿರಬೇಕು. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ದವಾಖಾನೆಯಲ್ಲಿ, ಪೂರ್ತಿ ಕುಡಿದು ಮುಗಿಸಿದ್ದನ್ನು ನಾನು ಕಂಡಿಲ್ಲ. ಜನ ಅದನ್ನು ಅವಳ ಹುಚ್ಚು ಅನ್ನುತ್ತಾರೆ. ನಾನು ಯಾವತ್ತೂ ಏನೂ ಅಂದಿಲ್ಲ. ಒಳಗೆ ಸುಮಾ ಕೂಸಿಗೆ ಹಾಲು ಕೊಡುತ್ತ, ನಡುನಡುವೆ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. ಶಾಂತಕ್ಕ ಅದನ್ನೇ ನೋಡುತ್ತಿದ್ದಳು. ನನಗೆ ಎಲ್ಲಿಂದ ಬಾಯಿ ಬಂತೋ.

"ಯಕ್ಕಾ, ಅವತ್ತು ನಾ ಆಯಿಗೆ ಹೇಳಬಾರದಿತ್ತು."

ಯಾವತ್ತು ಅಂತ ಕೇಳುತ್ತಾಳೆ, ನನಗೆ ನೆನಪಿಲ್ಲ ಬಿಡು ಅನ್ನುತ್ತಾಳೆ ಅಂತ ಎಣಿಸಿದ್ದೆ. ಹಾಗೆ ಅನ್ನಲಿ ಅಂತ ಆಸೆಯೂ ಇತ್ತು.

"ಹೇಳಬಾರದಿತ್ತು," ಅಂದಳು ಶಾಂತಕ್ಕ. "ಒಂದ ಗುಟಕ ಕೇಳಿದ್ದೆ."

ಸಿಟ್ಟಿರಲಿಲ್ಲ ದನಿಯಲ್ಲಿ. ಕ್ಷಮಿಸಿದ್ದೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ದಣಿವು ಬಂತು, ಅಲ್ಲೇ ಅವಳ ಎದುರು ಗೋಡೆಗೆ ಒರಗಿ ನೆಲಕ್ಕೆ ಕೂತುಬಿಟ್ಟೆ. ಒಳಗೆ ಕೂಸು ಹಾಲು ನುಂಗುವ ಸಪ್ಪಳ ಕೇಳುತ್ತಿತ್ತು. ಆಮೇಲೆ ಶಾಂತಕ್ಕ ಪಕ್ಕದಲ್ಲಿದ್ದ ತಂಬಿಗೆ ಎತ್ತಿದಳು. ತಾನು ಉಳಿಸಿಟ್ಟುಕೊಂಡಿದ್ದ ನೀರು. ಅದನ್ನು ನನ್ನ ಕಡೆ ಚಾಚಿದಳು.

"ತಗೋ, ಕುಡಿ," ಅಂದಳು. "ಮುಂಜಾನಿಂದ ಎಲ್ಲಾರಿಗೂ ಕುಡಸಾಕತ್ತಿ. ನಿನ್ನ ತುಟಿ ನೋಡ, ಹೆಂಗ ಒಣಗ್ಯಾವು."